ಡಿಕ್‌ಡಿಕ್ ನೋಡಬೇಕಾ? ಮೊದಲು ಮೈದನಹಳ್ಳಿಗೆ ಬನ್ನಿ

ಆಫ್ರಿಕಾ ಸಫಾರಿಗೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಸಿಂಹ ಗ್ಯಾರಂಟಿ ಸಿಗುತ್ತಾ? ಸಿಗುತ್ತದೆ. ಅದಕ್ಕೆ ನನ್ನ ಸಲಹೆ ಬೇಕಾಗಿಲ್ಲ. ಸಿಂಹ ಮಲಗಿದ ಕಡೆ ಆಗಲೇ ಹತ್ತು ಗಾಡಿ ನಿಂತಿರುತ್ತವೆ, ನಿಮ್ಮ ಡ್ರೈವರ್ ಹೋಗಿ ಹನ್ನೊಂದನೆಯದನ್ನು ನಿಲ್ಲಿಸುತ್ತಾನೆ. ಸಲಹೆ ಬೇಕಾಗಿರುವುದು ಡಿಕ್‌ಡಿಕ್ ಅನ್ನುವ, ಜಿಂಕೆ ತರಹದ ಪುಟ್ಟ ಪ್ರಾಣಿಗೆ. ಅದು ದಾರಿ ಪಕ್ಕದ ಪೊದೆಯಲ್ಲೇ ನಿಂತಿರುತ್ತದೆ, ಜನ ಅದರ ಮುಂದೆಯೇ ಹಾದು ಹೋಗುತ್ತಾರೆ, ಸಂಜೆ ಕ್ಯಾಂಪಿಗೆ ಬಂದು 'ಅದೊಂದು ಕಾಣಲಿಲ್ಲ' ಅನ್ನುತ್ತಾರೆ.

ನಾನು ಟಾಂಜಾನಿಯಾದ ಅರುಷಾದಲ್ಲಿ ಹಿಟ್ಟಿನ ಗಿರಣಿಯೊಂದರ ಮೆಷಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಈಗ ಊರಿಗೆ ಬಂದು ಕೊಡಿಗೇನಹಳ್ಳಿ ಹತ್ತಿರ ಕಡ್ಲೆಕಾಯಿ ಹಾಕುತ್ತೇನೆ. ಅಲ್ಲಿದ್ದಾಗ ರಜೆ ಸಿಕ್ಕರೆ ತರಂಗಿರೆ, ಮನ್ಯಾರ ಪಾರ್ಕುಗಳ ಕಡೆ ಹೋಗುತ್ತಿದ್ದೆವು. ಡಿಕ್‌ಡಿಕ್ ಹುಡುಕುವುದರಲ್ಲಿ ನಮ್ಮ ಡ್ರೈವರ್‌ಗೂ ನನಗೂ ಮುಂದಿದ್ದವಳು ನನ್ನ ಹೆಂಡತಿ. ಅವಳು ಪುರವರದ ಕಡೆಯ ಕುರಿ ಕಾಯುವ ಮನೆಯವಳು. ಪ್ರಾಣಿ ಎಲ್ಲಿ ಅಂತ ಅವಳು ಹುಡುಕುತ್ತಲೇ ಇರಲಿಲ್ಲ. ಮೊದಲು ನೆಲ ನೋಡುತ್ತಿದ್ದಳು. ನೆಲದಲ್ಲಿ ಹಿಕ್ಕೆ ರಾಶಿ ಕಂಡರೆ, 'ಇಲ್ಲಿ ನಿಲ್ಲಿಸಿ, ಇದರ ಯಜಮಾನ ಇಲ್ಲೇ ಇರಬೇಕು' ಅನ್ನುತ್ತಿದ್ದಳು. ಜಾಸ್ತಿ ಸಲ ಅವಳ ಮಾತೇ ನಿಜ ಆಗುತ್ತಿತ್ತು.

ಹಾಗಾಗಿ ನಾನು ಹೇಳುವುದು ಇಷ್ಟು. ಡಿಕ್‌ಡಿಕ್ ಹುಡುಕಬೇಡಿ, ಅದರ ಮನೆ ಹುಡುಕಿ. ಅದನ್ನು ಕಲಿಯೋದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿ ಆಫ್ರಿಕಾದಲ್ಲೇ ಶುರು ಮಾಡಬೇಕಾಗಿಲ್ಲ. ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲೇ ಕಲಿಯಬಹುದು.

ಮೊದಲು ಪ್ರಾಣಿಯ ಪರಿಚಯ

ಭುಜದ ಎತ್ತರ 35ರಿಂದ 45 ಸೆಂಟಿಮೀಟರ್. ಪಕ್ಕದಲ್ಲಿ ನಿಂತರೆ ನಿಮ್ಮ ಮೊಣಕಾಲಿಗೂ ಬರುವುದಿಲ್ಲ. ತೂಕ 3ರಿಂದ 7 ಕಿಲೋ. ಬೆನ್ನು ಬೂದು ಮಿಶ್ರಿತ ಕಂದು, ತಲೆ ಮತ್ತು ಕಾಲು ಸ್ವಲ್ಪ ಕೆಂಚು, ಕಣ್ಣಿನ ಸುತ್ತ ಬಿಳಿ ಉಂಗುರ. ಕಾಲುಗಳು ಕಡ್ಡಿ ಕಡ್ಡಿ. ತಲೆಯ ಮೇಲೆ ಕೂದಲಿನ ಒಂದು ಜುಟ್ಟು. ಗಂಡಿಗೆ ಮಾತ್ರ ಕೊಂಬು, ಅದೂ 8 ಸೆಂಟಿಮೀಟರ್ ಆಸುಪಾಸು. ಎಷ್ಟೋ ಸಲ ಜುಟ್ಟಿನ ಮರೆಯಲ್ಲಿ ಕೊಂಬೇ ಕಾಣುವುದಿಲ್ಲ. ಹೆಣ್ಣು ಗಂಡಿಗಿಂತ ಸ್ವಲ್ಪ ದಪ್ಪ.

ಮೂಗು ಮಾತ್ರ ವಿಚಿತ್ರ. ಉದ್ದಕ್ಕೆ ಮುಂದೆ ಚಾಚಿಕೊಂಡಿರುತ್ತದೆ, ಆ ಕಡೆ ಈ ಕಡೆ ಆಡುತ್ತಲೇ ಇರುತ್ತದೆ. ನೋಡಿದವರಿಗೆ ನಗು ಬರುತ್ತದೆ. ಆದರೆ ಆ ಒಣಗಾಡಿನಲ್ಲಿ ಡಿಕ್‌ಡಿಕ್ ಬದುಕಿರುವುದೇ ಆ ಮೂಗಿನಿಂದ. ಬಿಸಿಲು ಏರಿದಾಗ ಅದು ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ ಬೇಗ ಬೇಗ ಉಸಿರಾಡುತ್ತದೆ. ಮೂಗಿನ ಒಳಗಿನ ತೇವದ ಪದರದ ಮೇಲೆ ಗಾಳಿ ಹಾದು ಹೋಗುವಾಗ ನೀರು ಆವಿಯಾಗಿ ಅಲ್ಲಿನ ರಕ್ತ ತಣ್ಣಗಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇದು. ಆ ತಣ್ಣನೆಯ ರಕ್ತ ಹಿಂದಕ್ಕೆ ಹೋಗುವಾಗ ಮೆದುಳಿಗೆ ಹೋಗುವ ಬಿಸಿ ರಕ್ತವನ್ನು ತಂಪು ಮಾಡುತ್ತದೆ. ಮೈಯ ಬಿಸಿ ಸ್ವಲ್ಪ ಏರಿದರೂ ತಲೆ ಕಾಯುವುದಿಲ್ಲ.

ನೀರಿನ ಉಳಿತಾಯ ಇಲ್ಲಿಗೇ ಮುಗಿಯುವುದಿಲ್ಲ. ಮೂತ್ರ ಬಹಳ ಗಟ್ಟಿ, ಹಿಕ್ಕೆ ಒಣ. ತಿನ್ನುವ ಎಲೆ, ಚಿಗುರು, ಹಣ್ಣಿನಲ್ಲಿರುವ ನೀರು ಮತ್ತು ಇಬ್ಬನಿಯೇ ಸಾಕು, ಕುಡಿಯಲು ನೀರು ಬೇಕೆಂದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನೋಡುವವರಿಗೆ ಇದರಿಂದ ಉಪಯೋಗ ಇದೆ. ಆನೆ, ಜೀಬ್ರಾ, ಕಾಡೆಮ್ಮೆ ನೋಡುವವರು ನೀರಿನ ಹತ್ತಿರ ಕಾಯುತ್ತಾರೆ. ಡಿಕ್‌ಡಿಕ್‌ಗಾಗಿ ನೀರಿನ ಹತ್ತಿರ ಕಾಯುವುದು ಸುಮ್ನೆ ದಂಡ.

ನೀವು ಟಾಂಜಾನಿಯಾದಲ್ಲಿ ನೋಡುವುದು ಕರ್ಕ್‌ನ ಡಿಕ್‌ಡಿಕ್. ಲಿವಿಂಗ್‌ಸ್ಟನ್ ಜೊತೆ ಜಾಂಬೆಜಿ ನದಿಯ ಯಾತ್ರೆಗೆ ಹೋಗಿದ್ದ, ಆಮೇಲೆ ಜಾಂಜಿಬಾರ್‌ನಲ್ಲಿ ಬ್ರಿಟಿಷ್ ಕಾನ್ಸಲ್ ಆಗಿದ್ದ ಜಾನ್ ಕರ್ಕ್ ಹೆಸರು ಇದಕ್ಕಿದೆ. ವಿಜ್ಞಾನಕ್ಕೆ ಇದನ್ನು 1880ರಲ್ಲಿ ಪರಿಚಯಿಸಿದವನು ಆಲ್ಬರ್ಟ್ ಗುಂಥರ್. ಅವನ ಹೆಸರಿನದೇ ಇನ್ನೊಂದು ಡಿಕ್‌ಡಿಕ್ ಇದೆ, ಕೀನ್ಯಾದ ಉತ್ತರಕ್ಕೆ ಸಾಂಬೂರು, ಲೈಕಿಪಿಯಾ ಕಡೆ. ಅದರ ಮೂಗು ಇನ್ನೂ ಉದ್ದ. ಇವೆರಡಲ್ಲದೆ ಆಫ್ರಿಕಾದ ಕೊಂಬು ಅಂತ ಕರೆಯುವ ಸೊಮಾಲಿಯಾ, ಇಥಿಯೋಪಿಯಾ ಕಡೆ ಸಾಲ್ಟ್‌ನ ಡಿಕ್‌ಡಿಕ್, ಬೆಳ್ಳಿ ಡಿಕ್‌ಡಿಕ್ ಅಂತ ಇನ್ನೆರಡು. ಕರ್ಕ್‌ನದನ್ನೇ ಮೂರು ನಾಲ್ಕಾಗಿ ಒಡೆಯಬೇಕು ಅನ್ನುವ ವಿಜ್ಞಾನಿಗಳೂ ಇದ್ದಾರೆ. ಆ ಜಗಳ ಅವರಿಗೇ ಇರಲಿ.

ಮೈದನಹಳ್ಳಿಯಲ್ಲಿ ಯಾಕೆ ಕಲಿಯಬೇಕು

ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ 2007ರಲ್ಲಿ ಘೋಷಣೆಯಾದ ಜಾಗ ಇದು. ಒಟ್ಟು 798 ಎಕರೆ. ಆ ಕಡೆ ಆಂಧ್ರದ ಗಡಿ, ಹಿಂದೂಪುರ ಹತ್ತಿರ. ದೇವರಾಯನದುರ್ಗದ ಕಡೆ ಹುಟ್ಟಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ ನದಿಯ ಹೆಸರನ್ನೇ ಮೀಸಲಿಗೆ ಇಟ್ಟಿದ್ದಾರೆ. ಸುತ್ತಲೂ ನಮ್ಮಂಥವರ ಹೊಲ. ಕೃಷ್ಣಮೃಗಗಳಿಗೆ ಬೇಲಿಯೂ ಗೊತ್ತಿಲ್ಲ, ಪಹಣಿಯೂ ಗೊತ್ತಿಲ್ಲ. ಕಡ್ಲೆಕಾಯಿ ಗಿಡ ಎಳೆಯದಾಗಿದ್ದಾಗ ರಾತ್ರಿ ಬಂದು ಮೇಯುತ್ತವೆ. ಬೈಯುತ್ತೇನೆ. ಬೆಳಿಗ್ಗೆ ಎದ್ದು ಬೈನಾಕ್ಯುಲರ್ ಹಿಡಿದು ಅವನ್ನೇ ನೋಡುತ್ತೇನೆ.

ಕೃಷ್ಣಮೃಗಕ್ಕೂ ಡಿಕ್‌ಡಿಕ್‌ಗೂ ಏನು ಸಂಬಂಧ ಅಂತ ಕೇಳಬಹುದು. ಎರಡೂ ಆಂಟಿಲೋಪ್ ಜಾತಿಯವು. ಕೊಂಬು ಒಂದು ಸಲ ಬಂದರೆ ಮುಗಿಯಿತು, ಚುಕ್ಕೆ ಜಿಂಕೆಯಂತೆ ಉದುರಿಸುವುದಿಲ್ಲ. ಆದರೆ ಬದುಕುವ ರೀತಿ ಪೂರ್ತಿ ಉಲ್ಟಾ. ಕೃಷ್ಣಮೃಗ ಬಯಲಲ್ಲಿ, ಹಿಂಡಿನಲ್ಲಿ, ಎಲ್ಲರಿಗೂ ಕಾಣುವಂತೆ ಬದುಕುತ್ತದೆ. ಅಪಾಯ ಬಂದರೆ ನೆಗೆದು ಓಡುತ್ತದೆ. ಡಿಕ್‌ಡಿಕ್ ಪೊದೆಯಲ್ಲಿ, ಗಂಡ ಹೆಂಡತಿ ಇಬ್ಬರೇ, ಯಾರಿಗೂ ಕಾಣದಂತೆ ಬದುಕುತ್ತದೆ. ಅಪಾಯ ಬಂದರೆ ಮೊದಲು ಅಲ್ಲಾಡದೆ ನಿಲ್ಲುತ್ತದೆ.

ಯಾಕೆ ಹೀಗೆ? ಪೀಟರ್ ಜಾರ್ಮನ್ ಅನ್ನುವ ವಿಜ್ಞಾನಿ 1974ರಲ್ಲಿ ಆಫ್ರಿಕಾದ ಆಂಟಿಲೋಪ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಇದಕ್ಕೆ ಒಂದು ಲೆಕ್ಕ ಹೇಳಿದ್ದಾನೆ. ಎಲ್ಲ ಶುರುವಾಗುವುದು ಹೊಟ್ಟೆಯಿಂದ. ಸಣ್ಣ ಮೈಗೆ ಕಿಲೋ ಲೆಕ್ಕದಲ್ಲಿ ಜಾಸ್ತಿ ಶಕ್ತಿ ಬೇಕು, ಆದರೆ ಹೊಟ್ಟೆ ಚಿಕ್ಕದು. ಒರಟು ಹುಲ್ಲನ್ನು ತುಂಬಿಕೊಂಡು ನಿಧಾನವಾಗಿ ಕರಗಿಸುತ್ತಾ ಕೂರಲು ಆಗುವುದಿಲ್ಲ. ಹಾಗಾಗಿ ಒಳ್ಳೊಳ್ಳೆಯದನ್ನೇ ಆರಿಸಿ ತಿನ್ನಬೇಕು. ಚಿಗುರು, ಮೊಗ್ಗು, ಹಣ್ಣು. ಅಂಥದ್ದು ಒಂದೇ ಕಡೆ ರಾಶಿ ಬಿದ್ದಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಇರುತ್ತದೆ. ಹಿಂಡು ಕಟ್ಟಿಕೊಂಡು ಹೋದರೆ ಮುಂದಿನವನು ತಿಂದು ಹಿಂದಿನವನಿಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಇಬ್ಬರೇ ಇರಬೇಕು, ಯಾವ ಗಿಡ ಯಾವಾಗ ಚಿಗುರುತ್ತದೆ ಅಂತ ಗೊತ್ತಿರುವ ಒಂದು ಜಾಗ ಹಿಡಿದು ಕೂರಬೇಕು. ದೊಡ್ಡ ಮೈಯವು ಹುಲ್ಲನ್ನೇ ಮೇಯಬಹುದು. ಹುಲ್ಲು ಎಲ್ಲ ಕಡೆ ಇರುತ್ತದೆ, ಹಾಗಾಗಿ ಹಿಂಡು ಕಟ್ಟಬಹುದು.

ಬಾಳುವೆ ಇಷ್ಟು ಬೇರೆಯಾದರೂ ಗುರುತು ಹಾಕುವ ಪದ್ಧತಿ ಮಾತ್ರ ಎರಡಕ್ಕೂ ಹತ್ತಿರ ಹತ್ತಿರ. ಕೃಷ್ಣಮೃಗದ ಗಂಡು ಬೆದೆಯ ಕಾಲದಲ್ಲಿ ಒಂದು ತುಂಡು ನೆಲ ತನ್ನದು ಅಂತ ಹಿಡಿದುಕೊಳ್ಳುತ್ತದೆ. ಅಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಕಣ್ಣಿನ ಮುಂದಿರುವ ಗ್ರಂಥಿಯನ್ನು ಹುಲ್ಲಿಗೆ, ಕಡ್ಡಿಗೆ ಒರೆಸಿ ವಾಸನೆ ಬಿಡುತ್ತದೆ. ಡಿಕ್‌ಡಿಕ್ ಮಾಡುವುದೂ ಅದನ್ನೇ. ಇಲ್ಲಿ ಬಯಲು, ಪ್ರಾಣಿ ದೊಡ್ಡದು, ಎಲ್ಲ ಕಣ್ಣೆದುರೇ ನಡೆಯುತ್ತದೆ. ಓದಲು ಕಲಿಯೋರಿಗೆ ದೊಡ್ಡ ಅಕ್ಷರ ಸುಲಭ ಅಲ್ವಾ?

ಇಲ್ಲಿ ಏನು ಅಭ್ಯಾಸ ಮಾಡಬೇಕು

ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ ಒಳಗೆ ಹೋಗಿ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಅದನ್ನು ಅಟ್ಟಿಸಿಕೊಂಡು ಹೋಗಿ ವಿಡಿಯೋ ಮಾಡುವವರಿಗೆ ಕೇಸ್ ಬೀಳುತ್ತದೆ. ಬೀಳಬೇಕು ಕೂಡ. ಬೆಳಗ್ಗೆ ಬಿಸಿಲೇರುವ ಮೊದಲು ಬನ್ನಿ. ಬಿಳಿ ಅಂಗಿ ಬೇಡ. ಬೈನಾಕ್ಯುಲರ್ 8 ಪಟ್ಟಿನದು ಸಾಕು. 8x42 ಅಂತ ಬರೆದಿರುತ್ತದೆ. 12, 16 ಪಟ್ಟಿನದು ತಂದರೆ ಕೈ ನಡುಗಿ ಕೊಂಬು ನಾಲ್ಕಾಗಿ ಕಾಣುತ್ತದೆ.

ಮೊದಲನೇ ಪಾಠ ಹಿಕ್ಕೆ. ಕುರಿ, ಮೇಕೆ ಹಿಕ್ಕೆ ದಾರಿಯುದ್ದಕ್ಕೂ ಚೆಲ್ಲಿರುತ್ತದೆ, ನಡೆಯುತ್ತಾ ಹಾಕಿ ಹೋಗಿರುತ್ತವೆ. ಒಂದೇ ಕಡೆ, ಅಗಲವಾಗಿ, ಹಳೆಯದರ ಮೇಲೆ ಹೊಸದು ಬಿದ್ದಿದ್ದರೆ ಅದು ಗುರುತಿನ ರಾಶಿ. ಹತ್ತಿರ ಕೂತು ನೋಡಿ. ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿರುವುದು ಹಳೆಯದು. ಕಪ್ಪಗೆ ಹೊಳೆಯುತ್ತಿದ್ದರೆ ಹೊಸದು. ಎರಡೂ ಒಂದೇ ರಾಶಿಯಲ್ಲಿದ್ದರೆ ಯಜಮಾನ ಇನ್ನೂ ಜಾಗ ಬಿಟ್ಟಿಲ್ಲ ಅಂತ ಅರ್ಥ. ಅಲ್ಲಿಂದ ಎದ್ದು ದೂರ ಹೋಗಿ ಕೂತು ಕಾಯಿರಿ. ಕರಿ ಗಂಡು ಬಂದು ರಾಶಿಯನ್ನು ಮೂಸಿ ನೋಡುವುದು, ಕಾಲಲ್ಲಿ ಕೆರೆಯುವುದು, ಮತ್ತೆ ಅಲ್ಲೇ ಹಾಕುವುದು ಕಾಣಿಸಬಹುದು.

ಎರಡನೆಯದು ಕಣ್ಣಿನ ಎತ್ತರ. ನಾವು ನಿಂತುಕೊಂಡು ದೂರದ ಅಂಚನ್ನು ನೋಡುತ್ತೇವೆ. ಅದು ದೊಡ್ಡ ಪ್ರಾಣಿಗೆ ಸರಿ. ಜಾಲಿ ಗಿಡ ಇರುವ ಕಡೆ ನೆಲದ ಮೇಲೆ ಕೂತುಕೊಳ್ಳಿ. ಗಿಡದ ತಲೆ ನೋಡಬೇಡಿ, ಬುಡ ನೋಡಿ. ಕೊಂಬೆ ಶುರುವಾಗುವ ಜಾಗಕ್ಕೂ ನೆಲಕ್ಕೂ ಮಧ್ಯೆ ಒಂದು ಖಾಲಿ ಸಾಲು ಇರುತ್ತದೆ. ಆ ಸಾಲಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಓಡಿಸಿ. ಇಲ್ಲಿ ನಿಮಗೆ ಮೊಲ ಸಿಗಬಹುದು, ಗೌಜಲಕ್ಕಿ ಸಿಗಬಹುದು. ಆಫ್ರಿಕಾದಲ್ಲಿ ಅದೇ ಸಾಲಿನಲ್ಲಿ ನಾಲ್ಕು ಕಡ್ಡಿ ಕಾಲು ಕಾಣುತ್ತದೆ.

ಮೂರನೆಯದು ಕಿವಿ, ನಿಮ್ಮದೂ ಅವುಗಳದೂ. ಅಲ್ಲಾಡದೆ ನಿಂತ ಪ್ರಾಣಿ ಕೂಡ ಕಿವಿ ತಿರುಗಿಸದೆ ಇರುವುದಿಲ್ಲ. ಹೆಣ್ಣು ಕೃಷ್ಣಮೃಗ ಒಣಹುಲ್ಲಿನಲ್ಲಿ ಮಲಗಿದ್ದರೆ ಮೈ ಕಾಣುವುದೇ ಇಲ್ಲ, ಕಿವಿ ಮಾತ್ರ ಅಲ್ಲಾಡುತ್ತದೆ. ಅದನ್ನೇ ಹಿಡಿಯಲು ಕಲಿಯಿರಿ. ನಿಮ್ಮ ಕಿವಿ ಟಿಟ್ಟಿಭ ಹಕ್ಕಿಯ ಮೇಲಿರಲಿ. ನರಿಯೋ ನಾಯಿಯೋ ಬಂದರೆ ಟಿಟ್ಟಿಭ ಊರೆಲ್ಲ ಕೇಳುವಂತೆ ಕೂಗುತ್ತದೆ. ಅದು ಕೂಗಿದಾಗ ಹಿಂಡು ಏನು ಮಾಡುತ್ತದೆ ಅಂತ ನೋಡಿ. ಈ ಪಾಠ ಅಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇಷ್ಟು ಬಂದರೆ ಸಾಕು. ಫೋಟೋ ಅಭ್ಯಾಸ ಬೇಕಾದರೆ ಮಾಡಿಕೊಳ್ಳಿ, ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ಅಲ್ಲಿಗೆ ಹೋದ ಮೇಲೆ

ಹೋಗುವ ಮುಂಚೆ ಒಂದು ಮಾತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ 10 ದಿನದ ಮೇಲೆಯೇ ಅದರ ಸರ್ಟಿಫಿಕೇಟ್ ಲೆಕ್ಕಕ್ಕೆ ಬರುತ್ತದೆ. ಕೀನ್ಯಾಕ್ಕೆ ಹೋಗಿ ಬರುವವರು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಜೂನ್‌ನಿಂದ ಅಕ್ಟೋಬರ್ ತನಕ ಅಲ್ಲಿ ಒಣ ಕಾಲ. ಎಲೆ ಉದುರಿ ಪೊದೆಯ ಒಳಗೆ ಕಣ್ಣು ತೂರುತ್ತದೆ. ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ. ಆಗ ಎಲ್ಲ ಹಸಿರು, ಡಿಕ್‌ಡಿಕ್ ನಿಮ್ಮಿಂದ ಎರಡು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ತರಂಗಿರೆ, ಮನ್ಯಾರ, ಕೀನ್ಯಾದ ತ್ಸಾವೊ ಕರ್ಕ್‌ನ ಡಿಕ್‌ಡಿಕ್‌ಗೆ ಒಳ್ಳೆಯ ಜಾಗಗಳು. ಸೆರೆಂಗೆಟಿಯಲ್ಲಿ ದೊಡ್ಡ ಹುಲ್ಲು ಬಯಲು ಬಿಟ್ಟು ಬಂಡೆಗುಡ್ಡಗಳ ಸುತ್ತಲ ಪೊದೆ ನೋಡಿ. ನೈರುತ್ಯ ಆಫ್ರಿಕಾದ ನಮೀಬಿಯಾದಲ್ಲೂ ಇದರದೇ ಒಂದು ಗುಂಪು ಇದೆ, ಪೂರ್ವ ಆಫ್ರಿಕಾದಿಂದ ಸಾವಿರಾರು ಕಿಲೋಮೀಟರ್ ದೂರ, ಮಧ್ಯೆ ಎಲ್ಲೂ ಇಲ್ಲ. ಅಲ್ಲಿನ ಎಟೋಶಾ ಪಾರ್ಕಿನಲ್ಲಿ ಡಿಕ್‌ಡಿಕ್ ಹೆಸರಿನದೇ ಒಂದು ರಸ್ತೆ ಇದೆ.

ತರಂಗಿರೆಯ ಒಣ ಪೊದೆಗಾಡು ನಮ್ಮ ಕಡೆಯವರಿಗೆ ಹೊಸದು ಅನ್ನಿಸುವುದಿಲ್ಲ. ಮುಳ್ಳಿನ ಜಾಲಿ ಜಾತಿಯ ಮರಗಳು, ಮಧ್ಯೆ ನಮ್ಮ ಗುಗ್ಗುಳದ ಜಾತಿಯ ಗಿಡಗಳು. ದನ ಕುರಿ ಜಾಸ್ತಿ ಮೇಯ್ದು ಹುಲ್ಲು ಹೋಗಿ ಮುಳ್ಳುಪೊದೆ ಬೆಳೆದ ಜಾಗ ಡಿಕ್‌ಡಿಕ್‌ಗೆ ಒಳ್ಳೆಯದೇ. ನೆಲ ಹಾಳಾಯಿತು ಅಂತ ನಾವು ಬಿಟ್ಟು ಬಂದ ಕಡೆ ಅದು ಸಂಸಾರ ಹೂಡುತ್ತದೆ. ಅದಕ್ಕೇ ಇರಬೇಕು, ಬೇರೆ ಎಷ್ಟೋ ಪ್ರಾಣಿಗಳಿಗೆ ಇರುವ ಹಾಗೆ ಇದರ ಸಂತತಿಗೆ ಸದ್ಯಕ್ಕೆ ಗಂಡಾಂತರ ಇಲ್ಲ.

ಬೆಳಿಗ್ಗೆ ಗೇಟು ತೆರೆಯುತ್ತಲೇ ಹೊರಡಿ, ಸಂಜೆ ನಾಲ್ಕರ ಮೇಲೆ ಮತ್ತೆ ಹೋಗಿ. ನಡು ಮಧ್ಯಾಹ್ನ ಅವು ನೆರಳಲ್ಲಿ ಕೂತು ಮೆಲುಕು ಹಾಕುತ್ತವೆ. ಡ್ರೈವರ್‌ಗೆ ಮೊದಲೇ 'ದಿಗಿದಿಗಿ' ಅಂತ ಹೇಳಿ, ಸ್ವಾಹಿಲಿಯಲ್ಲಿ ಹಾಗೆ ಕರೆಯುತ್ತಾರೆ. ಅವನು ನಗುತ್ತಾನೆ. ಚಿರತೆ ತೋರಿಸಿದರೆ ಟಿಪ್ಸ್ ಜಾಸ್ತಿ ಅಂತ ಅವನಿಗೆ ಗೊತ್ತು. ದಿಗಿದಿಗಿಗೂ ಟಿಪ್ಸ್ ಕೊಡುತ್ತೀರಿ ಅಂತ ನೀವು ಹೇಳಿ. 'ಪೋಲೆ ಪೋಲೆ' ಅಂದರೆ ನಿಧಾನ, 'ಸಿಮಾಮಾ ಹಾಪಾ' ಅಂದರೆ ಇಲ್ಲಿ ನಿಲ್ಲಿಸಿ. ಇವೆರಡು ಬಂದರೆ ಸಾಕು.

ಸಫಾರಿ ಗಾಡಿಯ ಟಾಪ್ ಎತ್ತಿರುತ್ತಾರೆ, ಎಲ್ಲರೂ ಎದ್ದು ನಿಂತು ಮೇಲಿಂದ ನೋಡುತ್ತಾರೆ. ನೀವು ಕೂತುಕೊಳ್ಳಿ. ಕಿಟಕಿಯಿಂದ ನೋಡಿ. ಮೇಲಿಂದ ನೋಡಿದರೆ ಪೊದೆಯ ತಲೆ ಕಾಣುತ್ತದೆ, ಕೂತರೆ ಬುಡ ಕಾಣುತ್ತದೆ. ಮೈದನಹಳ್ಳಿಯಲ್ಲಿ ನೆಲದ ಮೇಲೆ ಕೂರಿಸಿದ್ದು ಇದಕ್ಕೇ.

ದಾರಿಯ ಅಂಚು, ಪೊದೆಯ ಅಂಚು ನೋಡುತ್ತಾ ಹೋಗಿ. ಸಣ್ಣ ಸಣ್ಣ ಹಿಕ್ಕೆಯ ರಾಶಿ ಕಂಡರೆ ಅದು ಡಿಕ್‌ಡಿಕ್ ಜೋಡಿಯ ಗಡಿ. ಆ ರಾಶಿಯ ಬಗ್ಗೆ ಅಲ್ಲಿನ ಗೈಡುಗಳು ಒಂದು ಕಥೆ ಹೇಳುತ್ತಾರೆ. ಒಂದು ದಿನ ಡಿಕ್‌ಡಿಕ್ ಆನೆ ಲದ್ದಿಯ ಮೇಲೆ ಎಡವಿ ಬಿತ್ತಂತೆ. ಸಿಟ್ಟು ಬಂದು, ಆನೆಯನ್ನೂ ಎಡವಿ ಬೀಳಿಸುತ್ತೇನೆ ಅಂತ ಅವತ್ತಿನಿಂದ ಒಂದೇ ಕಡೆ ರಾಶಿ ಹಾಕುತ್ತಾ ಕೂತಿದೆಯಂತೆ. ನನ್ನ ಹೆಂಡತಿಗೆ ಈ ಕಥೆ ಬಹಳ ಇಷ್ಟ. ನಮ್ಮ ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಹಾಕುತ್ತಲೇ ಇರುವವರ ಕಥೆ ಇದು ಅನ್ನುತ್ತಾಳೆ.

ನಿಜ ಸಂಗತಿ ಕಥೆಗಿಂತ ಸ್ವಾರಸ್ಯ. ರಾಶಿಯ ಹತ್ತಿರ ಹೆಣ್ಣು ಮೊದಲು ಬರುತ್ತದೆ, ಹಾಕಿ ಮುಂದೆ ಹೋಗುತ್ತದೆ. ಹಿಂದೆಯೇ ಗಂಡು ಬರುತ್ತದೆ. ಅವಳದನ್ನು ಮೂಸಿ, ಮೇಲ್ದುಟಿ ಎತ್ತಿ, ಕಾಲಲ್ಲಿ ಕೆರೆದು, ಅದರ ಮೇಲೆ ತನ್ನದನ್ನು ಹಾಕುತ್ತದೆ. ಆಮೇಲೆ ಹತ್ತಿರದ ಕಡ್ಡಿಯ ತುದಿಯನ್ನು ಕಣ್ಣಿನ ಮೂಲೆಯ ಕಪ್ಪು ಗುಳಿಗೆ ತಾಗಿಸಿ ಒರೆಸುತ್ತದೆ. ಆ ಗುಳಿಯಿಂದ ಬರುವ ಅಂಟು ಟಾರಿನ ಹಾಗೆ ಕಪ್ಪಗಿರುತ್ತದೆ. ಮತ್ತೆ ಮತ್ತೆ ಒರೆಸಿದ ಕಡ್ಡಿಯ ತುದಿಯಲ್ಲಿ ಕರಿ ಮಣಿ ಕಟ್ಟಿರುತ್ತದೆ. ರಾಶಿ ಕಂಡ ಮೇಲೆ ಬೈನಾಕ್ಯುಲರ್‌ನಲ್ಲಿ ಮೊಣಕಾಲೆತ್ತರದ ಕಡ್ಡಿಗಳನ್ನು ನೋಡಿ. ಕರಿ ಮಣಿ ಕಂಡರೆ ನೀವು ಅದರ ಬೇಲಿಯ ಮೇಲೆ ನಿಂತಿದ್ದೀರಿ. ಎಂಜಿನ್ ಆಫ್ ಮಾಡಿಸಿ.

ಅವನು ಅವಳ ವಾಸನೆಯನ್ನು ಯಾಕೆ ಮುಚ್ಚುತ್ತಾನೆ? ಪಕ್ಕದ ಗಂಡಿಗೆ ಇಲ್ಲೊಂದು ಹೆಣ್ಣಿದೆ, ಬೆದೆಗೆ ಬಂದಿದೆ ಅಂತ ಗೊತ್ತಾಗಬಾರದು. ಡಿಕ್‌ಡಿಕ್ ಏಕಪತ್ನಿ ವ್ರತಸ್ಥ ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಒಂದು ಸತ್ತರೆ ಇನ್ನೊಂದು ಕೊರಗಿ ಸಾಯುತ್ತದೆ ಅಂತಲೂ ಬರುತ್ತದೆ. ಮೊದಲನೆಯದು ಮುಕ್ಕಾಲು ನಿಜ. ಜೋಡಿ ಒಟ್ಟಿಗೇ ಇರುತ್ತದೆ, ಮರಿಗಳ ಡಿಎನ್‌ಎ ಪರೀಕ್ಷೆ ಮಾಡಿದಾಗಲೂ ಬೇರೆ ಗಂಡಿನ ಮರಿ ಸಿಗಲಿಲ್ಲ. ಆದರೆ ಅದು ಪ್ರೀತಿಗಿಂತ ಕಾವಲು. ಗಂಡು ಹೆಣ್ಣಿನ ಹಿಂದೆಯೇ ಸುತ್ತುತ್ತಾನೆ, ಮರಿ ಸಾಕುವುದರಲ್ಲಿ ಕೈ ಹಾಕುವುದಿಲ್ಲ. ಎರಡನೆಯದನ್ನು ನಂಬಬೇಡಿ. ಜೊತೆಯದು ಸತ್ತರೆ ಉಳಿದದ್ದು ಹೊಸ ಜೋಡಿ ಕಟ್ಟಿಕೊಳ್ಳುತ್ತದೆ. ಇದರಿಂದ ನಮಗೆ ಒಂದು ಲಾಭ ಇದೆ. ಒಂದು ಕಂಡರೆ ಹೊರಡಬೇಡಿ, ಇನ್ನೊಂದು ಅಲ್ಲೇ ಹತ್ತಿರ ಇರುತ್ತದೆ. ಮೂರನೆಯದು ಕಂಡರೆ ಅದು ಅವರ ಮರಿ.

ಮರಿ ಬಗ್ಗೆ ಸ್ವಲ್ಪ. ಗರ್ಭ ಐದೂವರೆ ತಿಂಗಳ ಆಸುಪಾಸು, ಒಂದು ಸಲಕ್ಕೆ ಒಂದೇ ಮರಿ, ವರ್ಷಕ್ಕೆ ಎರಡು ಸಲ ಹಾಕಬಹುದು. ಹುಟ್ಟಿದಾಗ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲ ಎರಡು ಮೂರು ವಾರ ಪೊದೆಯಲ್ಲಿ ಅಡಗಿ ಮಲಗಿರುತ್ತದೆ, ತಾಯಿ ಬಂದು ಹಾಲು ಕೊಟ್ಟು ಹೋಗುತ್ತಾಳೆ. ಒಂಟಿ ಮರಿ ಕಂಡರೆ ಅನಾಥ ಅಂದುಕೊಂಡು ಗಾಡಿ ಹತ್ತಿರ ಒಯ್ಯಿಸಬೇಡಿ. ನಿಮ್ಮ ಗಾಡಿ ನೋಡಿ ನರಿ ಬರುತ್ತದೋ ಇಲ್ಲವೋ, ತಾಯಿಯಂತೂ ಬರುವುದಿಲ್ಲ. ಅದನ್ನು ತಿನ್ನುವವರ ಪಟ್ಟಿ ಉದ್ದ ಇದೆ. ಚಿರತೆ, ಕಾಡುನಾಯಿ, ನರಿ, ಕತ್ತೆಕಿರುಬ, ಹೆಬ್ಬಾವು, ಬಬೂನ್ ಕೋತಿ, ಮೇಲಿಂದ ದೊಡ್ಡ ಹದ್ದುಗಳು. ಆರೇಳು ತಿಂಗಳಿಗೆ ಬೆಳೆದ ಮರಿಯನ್ನು ಅಪ್ಪ ಅಮ್ಮನೇ ಹೊರಗೆ ಅಟ್ಟುತ್ತಾರೆ, ಅದು ತನ್ನ ಜಾಗ ಹುಡುಕಿಕೊಳ್ಳಬೇಕು.

ಈಗ ಟಿಟ್ಟಿಭದ ಪಾಠ. ಪೂರ್ವ ಆಫ್ರಿಕಾದ ಒಣಗಾಡಿನಲ್ಲಿ ಬಿಳಿ ಹೊಟ್ಟೆಯ ಗೋ-ಅವೇ ಅನ್ನುವ ಹಕ್ಕಿ ಇದೆ. ಬೂದು ಮೈ, ತಲೆಗೆ ಜುಟ್ಟು, ಉದ್ದ ಬಾಲ. ಮರದ ತುದಿಯಲ್ಲಿ ಕೂತು ಅಪಾಯ ಕಂಡರೆ ಕೂಗುತ್ತದೆ. ಅದು ಎತ್ತರದಿಂದ ನೋಡುತ್ತದೆ, ಡಿಕ್‌ಡಿಕ್‌ಗೆ ಪೊದೆಯ ಒಳಗಿಂದ ಏನೂ ಕಾಣುವುದಿಲ್ಲ. ಕೀನ್ಯಾದ ಲೈಕಿಪಿಯಾದಲ್ಲಿ ವಿಜ್ಞಾನಿಗಳು ಆ ಹಕ್ಕಿಯ ಎಚ್ಚರಿಕೆ ಕೂಗನ್ನು ರೆಕಾರ್ಡ್ ಮಾಡಿ ಗುಂಥರ್‌ನ ಡಿಕ್‌ಡಿಕ್‌ಗಳಿಗೆ ಕೇಳಿಸಿದರು. ಅವು ಮೇಯುವುದು ಬಿಟ್ಟು ತಲೆ ಎತ್ತಿ ನಿಂತವು. ಹಾಗಾಗಿ ಈ ಹಕ್ಕಿ ಕೂಗಿದರೆ ನೀವು ಹಕ್ಕಿ ನೋಡಬೇಡಿ. ಪೊದೆಯ ಬುಡದಲ್ಲಿ ತಲೆ ಎತ್ತಿದ್ದು ಯಾರು ಅಂತ ನೋಡಿ. ಡಿಕ್‌ಡಿಕ್ ತಾನೇ ಹೆದರಿದರೆ ಮೂಗಿನಿಂದ ಸಿಳ್ಳೆಯಂಥ ಸಣ್ಣ ಸದ್ದು ಬರುತ್ತದೆ, ಆಮೇಲೆ ಅಡ್ಡಾದಿಡ್ಡಿ ಓಟ. ಓಡಿದ ಕಡೆ ಗಾಡಿ ಓಡಿಸಬೇಡಿ. ಅದರ ಜಾಗವೇ ಕೆಲವು ಎಕರೆ, ಅದನ್ನು ಬಿಟ್ಟು ಪಕ್ಕದವರ ಜಾಗಕ್ಕೆ ಸುಲಭಕ್ಕೆ ಹೋಗುವುದಿಲ್ಲ. ಸುಮ್ಮನಿದ್ದರೆ ಸುತ್ತು ಹಾಕಿ ಅದೇ ದಾರಿಗೆ ಬರುತ್ತದೆ. ಅವತ್ತು ಬರದಿದ್ದರೆ ಜಾಗ ಬರೆದಿಟ್ಟುಕೊಂಡು ಮರುದಿನ ಅದೇ ಹೊತ್ತಿಗೆ ಬನ್ನಿ. ಸಿಂಹದ ವಿಷಯದಲ್ಲಿ ಈ ಮಾತು ಹೇಳಲು ಆಗುವುದಿಲ್ಲ.

ಕ್ಯಾಂಪಿನ ಕಾಂಪೌಂಡು ಮರೆಯಬೇಡಿ. ಎಷ್ಟೋ ಕ್ಯಾಂಪುಗಳ ಒಳಗೇ ಒಂದು ಜೋಡಿ ಇರುತ್ತದೆ, ಜನರಿಗೆ ಒಗ್ಗಿಕೊಂಡಿರುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ಅಲ್ಲಾಡದೆ ಕೂತರೆ ಪಕ್ಕದಲ್ಲೇ ಬಂದು ಗಿಡದ ಚಿಗುರು ಕಿತ್ತು ತಿನ್ನುತ್ತದೆ. ಅದಕ್ಕೆ ಬಿಸ್ಕೆಟ್ ಹಾಕಬೇಡಿ.

ಗುರುತಿಸುವುದರಲ್ಲಿ ಒಂದು ಗೊಂದಲ ಆಗುತ್ತದೆ. ಸ್ಟೀನ್‌ಬಾಕ್ ಅಂತ ಇನ್ನೊಂದಿದೆ, ಅದೂ ಸಣ್ಣದೇ, ಆದರೆ ತೂಕ 10 ಕಿಲೋ ದಾಟುತ್ತದೆ. ಕಿವಿ ದೊಡ್ಡದು, ಜುಟ್ಟಿಲ್ಲ, ಮೂಗು ಚಾಚಿರುವುದಿಲ್ಲ, ಬಯಲಲ್ಲಿ ಇರುತ್ತದೆ. ಅದು ಹಿಕ್ಕೆಯನ್ನು ರಾಶಿ ಹಾಕುವುದಿಲ್ಲ, ನೆಲ ಕೆರೆದು ಮುಚ್ಚುತ್ತದೆ. ಬಂಡೆಯ ಮೇಲೆ ಗೊರಸಿನ ತುದಿಯಲ್ಲಿ ನಿಂತಿದ್ದರೆ ಅದು ಕ್ಲಿಪ್‌ಸ್ಪ್ರಿಂಗರ್. ಮಧುಗಿರಿ ಬೆಟ್ಟದ ಬೋಳು ಬಂಡೆ ಹತ್ತುವಾಗ ಏದುಸಿರು ಬಿಡುವವರು ಅದನ್ನು ನೋಡಲೇಬೇಕು. ಅದೂ ಜೋಡಿಯಾಗಿ ಇರುತ್ತದೆ, ಕಡ್ಡಿಗೆ ಕಣ್ಣಿನ ಅಂಟು ಒರೆಸುತ್ತದೆ. ಜಗತ್ತಿನಲ್ಲೇ ತೀರಾ ಚಿಕ್ಕ ಆಂಟಿಲೋಪ್ ಬೇಕು ಅನ್ನುವವರು ಪಶ್ಚಿಮ ಆಫ್ರಿಕಾದ ಮಳೆಕಾಡಿಗೆ ಹೋಗಬೇಕು. ರಾಯಲ್ ಆಂಟಿಲೋಪ್ ಅಂತ, ಸುಮಾರು 25 ಸೆಂಟಿಮೀಟರ್ ಎತ್ತರ. ಅದನ್ನು ಕಾಣುವುದು ಬಹಳ ಕಷ್ಟ, ಡಿಕ್‌ಡಿಕ್‌ಗೇ ತೃಪ್ತಿಪಡಿ.

ಅಂಗಡಿಗಳಲ್ಲಿ ಸಣ್ಣ ಕೊಂಬು, ಚರ್ಮದ ಸಾಮಾನು ತೋರಿಸಿದರೆ ಮುಟ್ಟಬೇಡಿ. ಡಿಕ್‌ಡಿಕ್ ಚರ್ಮದಿಂದ ಮೃದುವಾದ ಕೈಗವಸು ಮಾಡುವ ರೂಢಿ ಇತ್ತು, ಒಂದು ಜೊತೆಗೆ ಎಷ್ಟು ಪ್ರಾಣಿ ಬೇಕು ಅಂತ ಅದರ ಗಾತ್ರ ನೋಡಿದವರಿಗೆ ಗೊತ್ತಾಗುತ್ತದೆ. ಅದೂ ಅಲ್ಲದೆ ಕಾಡುಪ್ರಾಣಿಯ ಕೊಂಬು, ಚರ್ಮ ಬ್ಯಾಗಿನಲ್ಲಿ ಇಟ್ಟುಕೊಂಡು ಬೆಂಗಳೂರು ಏರ್‌ಪೋರ್ಟಿನಲ್ಲಿ ಇಳಿದರೆ ಕಸ್ಟಮ್ಸ್‌ನವರ ಜೊತೆ ಮಾತಾಡಬೇಕಾಗುತ್ತದೆ.

ಸಫಾರಿ ಮುಗಿಸಿ ಜಾಂಜಿಬಾರ್ ಬೀಚಿಗೆ ಹೋಗುವವರೇ ಜಾಸ್ತಿ. ಹೋದರೆ ಅರ್ಧ ದಿನ ಜೋಜಾನಿ ಕಾಡಿಗೆ ಇಟ್ಟುಕೊಳ್ಳಿ. ಅಲ್ಲಿ ಸುನಿ ಅಂತ ಡಿಕ್‌ಡಿಕ್ ಗಾತ್ರದ್ದೇ ಇನ್ನೊಂದಿದೆ, ಏಡರ್ಸ್ ಡೈಕರ್ ಅನ್ನುವ ಅಪರೂಪದ ಸಣ್ಣ ಆಂಟಿಲೋಪ್ ಕೂಡ ಇದೆ. ಅಲ್ಲಿ ಗೈಡ್ ಜೊತೆ ಕಾಲ್ನಡಿಗೆಯಲ್ಲಿ ಹೋಗಬಹುದು, ಹಾಗಾಗಿ ಪೊದೆಯ ಬುಡ ನೋಡುವ ಅಭ್ಯಾಸ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಸುನಿ ಬಾಲವನ್ನು ಆ ಕಡೆ ಈ ಕಡೆ ಬೀಸುತ್ತಲೇ ಇರುತ್ತದೆ, ನೆರಳಲ್ಲಿ ಮೊದಲು ಕಾಣುವುದು ಅದೇ. ಗುಂಪಿನ ಹಿಂದೆ ನಡೆಯಬೇಡಿ, ಮೊದಲನೇ ಗುಂಪಿನಲ್ಲೇ ಹೋಗಿ. ಎರಡೂ ಸಿಗದಿದ್ದರೆ ಕೆಂಪು ಕೊಲೊಬಸ್ ಕೋತಿಗಳಂತೂ ಸಿಗುತ್ತವೆ, ಅವನ್ನು ಹುಡುಕುವ ಕೆಲಸವೇ ಇಲ್ಲ.